ಮೊದಲ ಸೊಪ್ಪಿಗೆ ಮುಂಚೆ

ಪದ್ಮಶ್ರೀ ಸೊಪ್ಪು ಒರೆಸುತ್ತಿದ್ದಳು. ಬೆಳಗಿನ ತುಂತುರಿಗೆ ನೆನೆದ ಹಿಪ್ಪುನೇರಳೆ ಎಲೆಗಳನ್ನು ಬುಟ್ಟಿಯಿಂದ ಒಂದೊಂದಾಗಿ ಎತ್ತಿಕೊಂಡು, ಅಪ್ಪನ ಹಳೆಯ ಪಂಚೆಯ ತುಂಡಿನಿಂದ ಮೊದಲು ಬೆನ್ನು, ಆಮೇಲೆ ಮುಖ ಒರೆಸಿ, ಗೋಣಿಚೀಲದ ಮೇಲೆ ಹರಡುತ್ತಿದ್ದಳು. ಎದುರಿಗೆ ಅವಳ ತಾಯಿ ಭಾರತಮ್ಮನೂ ಅದನ್ನೇ ಮಾಡುತ್ತಿದ್ದಳು. ಬಲಗೈಯ ಕೊನೆಯ ಎರಡು ಬೆರಳುಗಳು ಮಡಚಿದಂತೆಯೇ ನಿಂತುಬಿಟ್ಟಿದ್ದರಿಂದ ಅವಳು ಒಂದು ಎಲೆ ಒರೆಸುವಷ್ಟರಲ್ಲಿ ಪದ್ಮಶ್ರೀ ಮೂರು ಒರೆಸುತ್ತಿದ್ದಳು. ಅದು ತಾಯಿಗೆ ತಿಳಿಯಬಾರದೆಂದು ನಡುನಡುವೆ ಬೇಕೆಂದೇ ತಡಮಾಡುತ್ತಿದ್ದಳು. ಹುಳುಮನೆಯೊಳಗೆ ಎರಡನೇ ಜ್ವರ ಮುಗಿಸಿ, ಪೊರೆ ಕಳಚಿಕೊಂಡು ಎದ್ದ ರೇಷ್ಮೆಹುಳುಗಳು ಹಸಿದು ತಲೆಯೆತ್ತಿಕೊಂಡಿದ್ದವು. ಅವಕ್ಕೆ ಒದ್ದೆ ಸೊಪ್ಪು ಬಿದ್ದರೆ ರೋಗ ತಗುಲಿ ತಟ್ಟೆಗೆ ತಟ್ಟೆಯೇ ಕೈಬಿಟ್ಟಂತೆ. ಸುಗಟೂರಿನಲ್ಲಿ ಆಕಾಶ ನೋಡುವುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಹುಳು ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ಕತ್ತು ತಾನಾಗಿಯೇ ಮೇಲಕ್ಕೆ ಹೋಗುತ್ತದೆ.

ಇವತ್ತು ತಂಗಿ ಚಂದನ ಬರುವವಳಿದ್ದಳು, ಜೊತೆಗೆ ಅವಳ ಸಂಶೋಧನೆಯ ಮಾರ್ಗದರ್ಶಕರಾದ ಕದಿರೇಶ್ ಸರ್. ಹುಳುಮನೆಯ ಮುಂದೆ ಗಾಳಿ ಮಳೆ ಅಳೆಯುವ ಯಂತ್ರವೊಂದನ್ನು ನೆಟ್ಟು ಹೋಗುತ್ತಾರಂತೆ. ಅದು ಯಾರ ಕೈಯೂ ಸೋಕದೆ ಹದಿನೈದು ನಿಮಿಷಕ್ಕೊಮ್ಮೆ ತಾನೇ ಅಂಕಿ ಕಳಿಸುತ್ತದಂತೆ. ಅಂಗಳದ ಮೂಲೆಯ ಕಲ್ಲುಕಟ್ಟೆಯ ಮೇಲೆ ಪದ್ಮಶ್ರೀಯ ತಗಡಿನ ಮಳೆಡಬ್ಬ ಕೂತಿತ್ತು. ಬೆಳಿಗ್ಗೆ ಅದರ ನೀರು ಅಳೆದು, ನಾಲ್ಕು ಮಿಲಿಮೀಟರ್ ಎಂದು ಪುಸ್ತಕದಲ್ಲಿ ಬರೆದು, ಕಟ್ಟೆಯ ಸುತ್ತ ಎರಡು ಸಲ ಗುಡಿಸಿದ್ದಳು. ತನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನವೂ ಹೀಗೆಯೇ ಗುಡಿಸಿದ್ದು ನೆನಪಾಗಿ ಪೊರಕೆಯನ್ನು ಮೂಲೆಗೆ ಎಸೆದಿದ್ದಳು. ಅವತ್ತು ಬಂದ ಹೆಂಗಸೊಬ್ಬಳು ಗೋಡೆಯ ಗೂಡಿನಲ್ಲಿದ್ದ ಪುಸ್ತಕಗಳನ್ನು ನೋಡಿ, ಹುಡುಗಿ ಏನು ಬರೀತಾಳೆ ಎಂದು ಕೇಳಿದಾಗ ಅಪ್ಪ ಕೋದಂಡರಾಮಪ್ಪ ಹಾಲಿನ ಡೈರಿಯ ಲೆಕ್ಕ ಎಂದುಬಿಟ್ಟಿದ್ದ. ಮಳೆ ಎಂದು ಹೇಳಲು ಅವನಿಗೆ ನಾಚಿಕೆ. ಅವನ ನಾಚಿಕೆಯನ್ನು ತಾನು ಹೊತ್ತುಕೊಂಡು ಕಾಫಿ ಲೋಟ ಇಟ್ಟು ಒಳಗೆ ಬಂದಿದ್ದಳು.

ಆ ಡಬ್ಬ ಮಾಡಿಕೊಟ್ಟವರು ಕೋಲಾರದ ತಗಡಿನ ಕೆಲಸದ ಓಬೇದುಲ್ಲಾ ಸಾಬರು. ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದ ಚಿತ್ರವನ್ನು ಅವರ ಮುಂದೆ ಹಿಡಿದು ಅವಳು ನಿಂತಿದ್ದಳು. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ಹಾಲಿಗೆ ಅಳತೆ ಕೇಳೋರಿದಾರೆ, ಎಣ್ಣೆಗೆ ಕೇಳೋರಿದಾರೆ. ಮಳೆಗೆ ಅಳತೆ ಕೇಳ್ದೋಳು ನೀನೇ ಬೇಟಿ. ಮೇಲಿರೋನು ಕಮ್ಮಿ ಸುರಿದ್ರೆ ಯಾರ ಹತ್ರ ಕಂಪ್ಲೇಂಟ್ ಕೊಡ್ತೀಯಾ?" ಎಂದಿದ್ದರು. ಅವಳು ಜಡೆಯ ತುದಿ ಬಾಯಿಗೆ ಹಿಡಿದು ನಕ್ಕಿದ್ದಳು. ಡಬ್ಬ ಕೈಗೆ ಬಂದ ತಿಂಗಳಲ್ಲೇ ನಾಲ್ಕನೇ ಜ್ವರ ಎದ್ದ ಹುಳುಗಳು ಹಗಲು ರಾತ್ರಿ ಮೇಯತೊಡಗಿ, ಮನೆಯಲ್ಲಿ ಕೈ ಸಾಲದೆ, ಅವಳ ಪರೀಕ್ಷೆ ತಪ್ಪಿತು. ಯಾರೂ ಶಾಲೆ ಬಿಡು ಎನ್ನಲಿಲ್ಲ. ಆ ಬೆಳೆ ಗೂಡು ಕಟ್ಟಿತು, ಗೂಡು ಸಂತೆಗೆ ಹೋಯಿತು, ಹತ್ತು ದಿನಕ್ಕೆ ಇನ್ನೊಂದು ಬೆಳೆಯ ಮರಿ ಬಂತು, ಅಷ್ಟೆ. ಯಾರಾದರೂ ಬಿಡು ಎಂದಿದ್ದರೆ ಅವರ ಮೇಲೆ ಸಿಟ್ಟಾಗಬಹುದಿತ್ತು ಎಂದು ಅವಳಿಗೆ ಈ ಹದಿನಾಲ್ಕು ವರ್ಷದಲ್ಲಿ ಎಷ್ಟೋ ಸಲ ಅನ್ನಿಸಿದೆ. ಸಿಟ್ಟಿಗೆ ಒಂದು ಮುಖ ಬೇಕು. ಹುಳುಗಳಿಗೆ ಮುಖವಿರುವುದಿಲ್ಲ, ಬರೀ ಬಾಯಿ.

ಮಳೆಪುಸ್ತಕ ಮಾತ್ರ ನಿಲ್ಲಲಿಲ್ಲ. ತಾರೀಕು, ಹೊತ್ತು, ಎಷ್ಟು ಮಿಲಿಮೀಟರ್, ಗಾಳಿ ಎತ್ತಲಿಂದ. ಆಲಿಕಲ್ಲು ಬಿದ್ದರೆ ಅದರ ಗಾತ್ರ: ಹುಣಸೆಬೀಜದಷ್ಟು, ರೇಷ್ಮೆಗೂಡಿನಷ್ಟು, ನಿಂಬೆಹಣ್ಣಿನಷ್ಟು. ತಾರೀಕನ್ನು ಅವಳು ಮನೆಯ ಪದ್ಧತಿಯಂತೆಯೇ ಹಾಕುತ್ತಿದ್ದಳು. ಹುಳುಮನೆಯಲ್ಲಿ ದಿನ ಶುರುವಾಗುವುದು ಬೆಳಿಗ್ಗೆ ಐದೂವರೆಯ ಮೊದಲ ಸೊಪ್ಪಿನಿಂದ. ಹುಳುವಿನ ವಯಸ್ಸು ಎಣಿಸುವುದೂ ಅದರಿಂದಲೇ. ಅದಕ್ಕೆ ಮುಂಚೆ ಏನೇ ನಡೆಯಲಿ, ಕರೆಂಟು ಹೋಗಲಿ, ಹುಳು ಜ್ವರಕ್ಕೆ ಕೂರಲಿ, ಮಳೆ ಹೊಡೆಯಲಿ, ಅದೆಲ್ಲ ಹಿಂದಿನ ದಿನಕ್ಕೇ ಸೇರಿದ್ದು. ನಡುರಾತ್ರಿ ಹನ್ನೆರಡಕ್ಕೆ ತಾರೀಕು ಬದಲಾಗುತ್ತದೆ ಎಂಬುದು ಕ್ಯಾಲೆಂಡರಿನ ವಿಷಯ. ಆ ಹೊತ್ತಿನಲ್ಲಿ ಎದ್ದು ಬದಲಾಯಿಸಿದವರನ್ನು ಅವಳು ಕಂಡಿರಲಿಲ್ಲ.

ಚಂದನ ಆ ಪುಸ್ತಕದ ಪಕ್ಕದಲ್ಲೇ ಬೆಳೆದಳು. ಎಂಟನೇ ತರಗತಿಯಲ್ಲಿದ್ದಾಗ ಮಾಲೂರಿನ ವಿಜ್ಞಾನ ಪ್ರದರ್ಶನಕ್ಕೆ ಡಬ್ಬವನ್ನೂ ಪುಸ್ತಕವನ್ನೂ ಒಯ್ದು ಮೊದಲ ಬಹುಮಾನ ತಂದಳು. 'ಚಂದನ ಕೆ.' ಎಂದು ಬರೆದ ಚೀಟಿಯನ್ನು ಡಬ್ಬಕ್ಕೆ ಗಂಜಿ ಹಚ್ಚಿ ಅಂಟಿಸಿದವಳು ಪದ್ಮಶ್ರೀಯೇ. ಅಂಟಿಸುವಾಗ ಸಂತೋಷವೇ ಆಗಿತ್ತು. ಆಮೇಲೆ ಕೋಲಾರದಲ್ಲಿ ಕಾಲೇಜು, ಆಮೇಲೆ ದೂರದ ಊರಿನಲ್ಲಿ ಹವಾಮಾನ ಶಾಸ್ತ್ರ. ಎಂ.ಎಸ್‌ಸಿ. ಮುಗಿಸಿ ಸಂಶೋಧನೆಗೆ ಸೇರಲು ಸಂದರ್ಶನಕ್ಕೆ ಹೋದಾಗ, ನಿನಗೆ ಬಿರುಗಾಳಿ ಮಳೆಯೇ ಯಾಕೆ ಬೇಕು ಎಂದು ಕೇಳಿದರಂತೆ. ನಮ್ಮ ಮನೆಯಲ್ಲಿ ಒಂದು ಪುಸ್ತಕವಿದೆ ಎಂದಳಂತೆ. ಕೂತಿದ್ದವರೆಲ್ಲ ಪೆನ್ನು ಕೆಳಗಿಟ್ಟರಂತೆ. ಅದನ್ನು ಫೋನಿನಲ್ಲಿ ಕೇಳಿದ ಪದ್ಮಶ್ರೀ ಅಷ್ಟರಲ್ಲಿ ತುಂಬಿದ್ದ ಏಳೂ ಪುಸ್ತಕಗಳನ್ನು ಅಂಗಳದ ಬಿಸಿಲಿಗೆ ತಂದು, ಹಾಳೆ ಹಾರದಂತೆ ಕಲ್ಲಿಟ್ಟು, ಒಂದೊಂದೇ ಪುಟದ ಫೋಟೋ ತೆಗೆದು ಕಳಿಸಿದ್ದಳು. ಎರಡು ದಿನ ಹಿಡಿಯಿತು. ಅಪ್ಪ, ಮಳೆ ಬರೆದಿದ್ದೂ ಅಲ್ಲದೆ ಈಗ ಒಣಗಿಸ್ತಿದೀಯಾ ಎಂದು ಗೇಲಿ ಮಾಡಿದ್ದ. ಆ ಪುಟಗಳಲ್ಲಿ ಒಟ್ಟು ಅರವತ್ತಮೂರು ಆಲಿಕಲ್ಲು ಮಳೆ. ಆ ಸಂಖ್ಯೆ ಅವಳಿಗೆ ತನ್ನ ವಯಸ್ಸಿನಂತೆ ಬಾಯಿಗೆ ಬರುತ್ತಿತ್ತು.

ಹನ್ನೊಂದರ ಹೊತ್ತಿಗೆ ಕಾರು ಬಂತು. ಕದಿರೇಶ್ ಸರ್ ಸಭ್ಯರು, ಚಪ್ಪಲಿ ಹೊರಗೇ ಬಿಟ್ಟು ಹುಳುಮನೆಗೆ ಕಾಲಿಟ್ಟರು. ಚಂದನ ಅಮ್ಮನನ್ನು ಪರಿಚಯಿಸಿದಳು, ಅಪ್ಪನನ್ನು ಪರಿಚಯಿಸಿದಳು, ಆಮೇಲೆ ಸೊಪ್ಪಿನ ಬುಟ್ಟಿಯ ಕಡೆ ಕೈ ತೋರಿಸಿ, ಇವಳು ಅಕ್ಕ, ಮನೇಲೇ ಇರ್ತಾಳೆ ಎಂದಳು. ಮನೆಯಲ್ಲೇ ಇರುವುದು ನಿಜ. ನಿಜವಾದ ಮಾತು ಹೀಗೆ ಮುಖಕ್ಕೆ ತಗುಲಬಹುದೆಂದು ಪದ್ಮಶ್ರೀಗೆ ಗೊತ್ತಿರಲಿಲ್ಲ. ಸರ್ ಅವಳ ಕಡೆ ನೋಡಿ ನಕ್ಕು, ಎಲ್ಲಿಯವರೆಗೆ ಓದಿದ್ದೀಯಮ್ಮ ಎಂದರು. ಅವಳು ಒಂಬತ್ತು ಎನ್ನುವಷ್ಟರಲ್ಲಿ ಅವರ ಕಣ್ಣು ಅಂಗಳದ ಮೂಲೆಗೆ ಹೋಗಿತ್ತು. ಕಂಬ ನೆಡಲು ಆ ಕಲ್ಲುಕಟ್ಟೆಯೇ ಒಳ್ಳೆಯ ಜಾಗವೆಂದರು. ಅಪ್ಪ ಮುಂದೆ ಹೋಗಿ ಡಬ್ಬವನ್ನು ಕಿತ್ತು, ಒಳಗಿದ್ದ ಎರಡು ಹನಿಯನ್ನು ನೆಲಕ್ಕೆ ಕೊಡವಿ, ಹುಳುಗಳ ಮೇಲೆ ಚೆಲ್ಲುವ ಸುಣ್ಣದ ಪುಡಿ ತುಂಬಲು ಆಗುತ್ತದೆಂದು ಬಾಗಿಲ ಹಿಂದೆ ಇಟ್ಟ. "ನಮ್ಮ ಪದ್ಮಂಗೆ ಇವತ್ತಿಂದ ರಿಟೈರ್ಮೆಂಟು ಸರ್" ಎಂದ. ಎಲ್ಲರೂ ನಕ್ಕರು. ಕಂಬ ನಿಲ್ಲಿಸಲು ಇಟ್ಟ ಏಣಿ ಅಲುಗಾಡುತ್ತಿತ್ತು, ಯಾರಾದರೂ ಹಿಡಿಯಬೇಕಿತ್ತು, ಪದ್ಮಶ್ರೀ ಹಿಡಿದುಕೊಂಡಳು. ತನ್ನ ಕಟ್ಟೆಯ ಮೇಲೆ ಬೇರೆಯವರ ಕಂಬ ಏಳುವುದನ್ನು ಕೆಳಗಿನಿಂದ ನೋಡುತ್ತ, ಯಾಕೆ ಹಿಡಿದುಕೊಂಡೆ, ಬಿಟ್ಟರೆ ಏನಾಗುತ್ತದೆ ಎಂದುಕೊಂಡಳು. ಬಿಡಲಿಲ್ಲ. ಬಿಡಬಹುದೆಂದು ಯೋಚಿಸಿದ್ದಕ್ಕೆ ಇನ್ನಷ್ಟು ಬಿಗಿಯಾಗಿ ಹಿಡಿದಳು.

ಅವರು ಅಂಗಳದಲ್ಲಿ ವೈರು ಬಿಗಿಯುತ್ತಿದ್ದಾಗ ಅವಳು ನೀರಿನ ಲೋಟ ಇಡಲು ಜಗಲಿಗೆ ಬಂದಳು. ಅಲ್ಲಿ ಚಂದನಳ ಫೈಲು ತೆರೆದಿತ್ತು. ಮೇಲಿನ ಹಾಳೆಯಲ್ಲಿ ಉದ್ದಕ್ಕೆ ತಾರೀಕುಗಳು, ಪಕ್ಕದಲ್ಲಿ ಹೊತ್ತು. ಇಂಗ್ಲಿಷ್ ಓದಲು ಅವಳಿಗೆ ಹೊತ್ತು ಹಿಡಿಯುತ್ತದೆ, ಅಂಕಿಗಳಿಗೆ ಹಿಡಿಯುವುದಿಲ್ಲ. ಅವು ತನ್ನವೇ ಎಂದು ತಿಳಿದಾಗ, ಸಂತೆಯಲ್ಲಿ ತನ್ನ ಸೀರೆಯನ್ನೇ ಉಟ್ಟ ಅಪರಿಚಿತಳನ್ನು ಕಂಡಂತಾಯಿತು. ಅರವತ್ತಮೂರು ಸಾಲು ಇದ್ದವು. ಅದರಲ್ಲಿ ಕೆಲವಕ್ಕೆ ಅಡ್ಡಲಾಗಿ ಕೆಂಪು ಗೆರೆ ಎಳೆದಿತ್ತು. ಬೆರಳಿಟ್ಟು ಎಣಿಸಿದಳು, ಹನ್ನೊಂದು. ಕೆಳಗೆ ಕೆಂಪಿನಲ್ಲೇ ಎರಡು ಪದ: ಅಬ್ಸರ್ವರ್ ಎರರ್. ಮೊದಲಿನದು ತಿಳಿಯಲಿಲ್ಲ. ಎರಡನೆಯದು ಗೊತ್ತಿತ್ತು. ರೇಷನ್ ಅಂಗಡಿಯ ಯಂತ್ರ ಅಮ್ಮನ ಬೆರಳನ್ನು ಒಪ್ಪದಿದ್ದಾಗ ಅದೇ ಪದ ತೋರಿಸುತ್ತದೆ.

ಮೊದಲು ಆದದ್ದು ನಾಚಿಕೆ. ತಪ್ಪು ಬರೆದಿರಬೇಕು, ಒಂಬತ್ತು ಓದಿದವಳು, ಇಷ್ಟು ವರ್ಷ ತಪ್ಪು ತಪ್ಪಾಗಿ ಬರೆದು ತಂಗಿಯ ಮಾನ ಕಳೆದೆ ಎಂದು ಕಿವಿ ಬಿಸಿಯಾಯಿತು. ಮತ್ತೆ ಆ ಹನ್ನೊಂದನ್ನು ನೋಡಿದಳು. ಎರಡು ಗಂಟೆ, ಮೂರು ಗಂಟೆ, ನಾಲ್ಕೂಕಾಲು. ಎಲ್ಲವೂ ಬೆಳಗಿನ ಜಾವದವು, ಮೊದಲ ಸೊಪ್ಪಿಗೆ ಮುಂಚಿನವು. ಐದನೆಯ ಗೆರೆಯ ಕೆಳಗೆ ಆರು ವರ್ಷದ ಹಿಂದಿನ ಏಪ್ರಿಲ್ ಇಪ್ಪತ್ನಾಲ್ಕು ಇತ್ತು, ರಾತ್ರಿ ಮೂರು ಗಂಟೆ. ಅವತ್ತು ಅಶ್ವಿನಿ ಮಳೆ ತಗಡಿನ ಮೇಲೆ ಕಲ್ಲು ಸುರಿದಂತೆ ಸುರಿದಾಗ ಅವಳು ಸ್ಟೀಲ್ ಲೋಟ ಹಿಡಿದು ಅಂಗಳಕ್ಕೆ ಓಡಿದ್ದಳು. ಆಲಿಕಲ್ಲು ಕರಗುವುದರೊಳಗೆ ಹಿಡಿಯಬೇಕು, ಅಳೆಯಬೇಕು. ಚಂದನ ಟಾರ್ಚು ಹಿಡಿದಿದ್ದಳು, ಇನ್ನೊಂದು ಅಕ್ಕ, ಅಗೋ ಇನ್ನೊಂದು ದೊಡ್ಡದು ಎಂದು ಕುಣಿಯುತ್ತಿದ್ದಳು. ಒಳಗಿನಿಂದ ಅಮ್ಮ ಕೂಗಿದ್ದು ಇಬ್ಬರಿಗೂ ಕೇಳಿಸಿತ್ತು. ಒಂದು ನಿಮಿಷ ಎಂದಿದ್ದಳು ಪದ್ಮಶ್ರೀ. ಆ ನಿಮಿಷದಲ್ಲಿ ಭಾರತಮ್ಮ ಒಬ್ಬಳೇ ಹುಳುಮನೆಗೆ ನುಗ್ಗಿ ತಟ್ಟೆ ಎತ್ತುವಾಗ ಮೇಲಿನ ತಗಡು ಕಿತ್ತು ಅವಳ ಕೈಯ ಮೇಲೆ ಇಳಿಯಿತು. ಆ ಬೆಳಿಗ್ಗೆ ಮೊದಲ ಸೊಪ್ಪು ಬೀಳಲೇ ಇಲ್ಲ. ತಿನ್ನುವ ಹುಳು ಉಳಿದಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಪದ್ಮಶ್ರೀ ಪುಸ್ತಕ ತೆರೆದು, ನಿಂಬೆಹಣ್ಣಿನಷ್ಟು ಎಂದು ಬರೆದಿದ್ದಳು. ಬರೆಯದಿದ್ದರೆ ಅಂಗಳಕ್ಕೆ ಓಡಿದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಈಗ ಈ ಹಾಳೆಯ ಪ್ರಕಾರ ಆ ಮಳೆ ಬಿದ್ದೇ ಇಲ್ಲ. ಬೀಳದ ಮಳೆಗೆ ಅಮ್ಮನ ಬೆರಳು ಮಡಚಿಕೊಂಡಿದೆ.

ಲೋಟ ಇನ್ನೂ ಕೈಯಲ್ಲೇ ಇತ್ತು. ಆಗ ಅವಳಿಗೆ ಕಳೆದ ವರ್ಷದ ಒಂದು ಫೋನು ನೆನಪಾಯಿತು. ಮೋಡದ ಚಿತ್ರ ತೆಗೆಯುವ ಉಪಗ್ರಹಗಳು ನಮ್ಮ ಗಡಿಯಾರ ನೋಡುವುದಿಲ್ಲ, ಲಂಡನ್ನಿನ ಪಕ್ಕದ ಯಾವುದೋ ಊರಿನ ಗಡಿಯಾರ ನೋಡುತ್ತವೆ, ಅಲ್ಲಿ ನಡುರಾತ್ರಿಯಾಗಿ ತಾರೀಕು ಬದಲಾಗುವಾಗ ನಮಗೆ ಬೆಳಿಗ್ಗೆ ಐದೂವರೆ ಎಂದು ಚಂದನ ಹೇಳಿದ್ದಳು. "ಥೇಟ್ ನಮ್ಮ ಹುಳುಮನೆ ಕಣಕ್ಕ. ಪ್ರಪಂಚದ ಮೋಡಕ್ಕೆಲ್ಲ ಮೊದಲ ಸೊಪ್ಪು ಹಾಕಿದ ಮೇಲೇನೇ ದಿನ ಶುರು" ಎಂದು ನಕ್ಕಿದ್ದಳು. ಪದ್ಮಶ್ರೀಯೂ ನಕ್ಕಿದ್ದಳು, ಆ ಮಾತನ್ನು ಎಷ್ಟೋ ದಿನ ಸೊಪ್ಪು ಹಾಕುವಾಗ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಹಾಗಾದರೆ ಹುಳುಮನೆಯ ದಿನ ಯಾವಾಗ ಶುರುವಾಗುತ್ತದೆಂದು ಚಂದನಳಿಗೆ ಗೊತ್ತಿತ್ತು. ಕಾಣದ ಊರಿನ ದಿನ ಐದೂವರೆಗೆ ಶುರುವಾದರೆ ಅದು ಶಾಸ್ತ್ರ, ಸುಗಟೂರಿನ ದಿನ ಐದೂವರೆಗೆ ಶುರುವಾದರೆ ಅದು ಎರರ್. ತನಗೆ ಬಂದದ್ದು ಸಿಟ್ಟು ಎಂದು ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಈ ಸಲ ಅದಕ್ಕೆ ಮುಖವಿತ್ತು, ಆ ಮುಖಕ್ಕೆ ಚಿಕ್ಕಂದಿನಲ್ಲಿ ತಾನೇ ಪೌಡರು ಹಚ್ಚುತ್ತಿದ್ದಳು.

ಚಂದನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೈ ತೊಳೆಯುತ್ತಿದ್ದಳು. ಪದ್ಮಶ್ರೀ ಚೊಂಬಿನಿಂದ ನೀರು ಹೊಯ್ಯುತ್ತ ಕೇಳಿದಳು.

"ಅಬ್ಸರ್ವರ್ ಅಂದ್ರೆ ಏನೇ?"

"ನೋಡೋರು ಅಂತ ಅಕ್ಕ. ಗಮನಿಸಿ ಬರ್ಕೊಳ್ಳೋರು."

"ಹಂಗಾದ್ರೆ ನಾನು."

ಚಂದನ ಕೈ ಉಜ್ಜುವುದನ್ನು ನಿಲ್ಲಿಸಿದಳು.

"ಆ ಹನ್ನೊಂದೂ ಮೊದಲ ಸೊಪ್ಪಿಗೆ ಮುಂಚೆ ಬಿದ್ದಿದ್ದು. ನಿಂಗೊತ್ತಿಲ್ವಾ?"

"ಗೊತ್ತು ಕಣಕ್ಕ. ಉಪಗ್ರಹದ ಚಿತ್ರದ ಜೊತೆ ತಾಳೆ ನೋಡುವಾಗ ಆ ತಾರೀಕಿಗೆ ಮೋಡವೇ ಇರ್ಲಿಲ್ಲ, ಯಾಕೆ ಅಂತ ಹೊಳೀಲಿಲ್ಲ. ಹೊಳೆಯೋಷ್ಟರಲ್ಲಿ ಲೇಖನ ಹೋಗ್ಬಿಟ್ಟಿತ್ತು. ನನ್ನ ಮೊದಲನೇ ಲೇಖನ ಅದು. ಈಗ ಹೋಗಿ ನನ್ನದೇ ತಪ್ಪು ಅಂದ್ರೆ ಸರ್ ನನ್ನನ್ನ ಏನಂದ್ಕೋತಾರೆ?"

"ನನ್ನ ತಪ್ಪು ಅಂತ ಬರ್ದಿದ್ದೀಯಲ್ಲ."

"ನಿನ್ನ ಹೆಸರೆಲ್ಲಿ ಹಾಕಿದೀನಿ?" ಎಂದಳು ಚಂದನ, ಸಮಾಧಾನ ಮಾಡುವವಳಂತೆ. "ಸ್ಥಳೀಯರೊಬ್ಬರು ಅಂತ ಬರ್ದಿರೋದು. ಯಾರಿಗೂ ಗೊತ್ತಾಗಲ್ಲ. ಐವತ್ತೆರಡು ಇದಾವಲ್ಲ, ಸಾಲ್ದಾ?"

"ಅವತ್ತು ಟಾರ್ಚ್ ಹಿಡಿದಿದ್ದೋಳು ನೀನು."

"ಮೆಲ್ಲಗೆ ಅಕ್ಕ. ಅಮ್ಮ ಕೇಳಿಸ್ಕೋತಾಳೆ."

ಅವಳು ಒದ್ದೆ ಕೈಯನ್ನು ಪದ್ಮಶ್ರೀಯ ಸೆರಗಿಗೇ ಒರೆಸಿಕೊಂಡು ಹೋದಳು, ಚಿಕ್ಕವಳಿದ್ದಾಗ ಒರೆಸಿಕೊಳ್ಳುತ್ತಿದ್ದ ಹಾಗೆ. ಚೊಂಬಿನ ನೀರೆಲ್ಲ ಖಾಲಿಯಾಗಿ ತನ್ನ ಕಾಲ ಮೇಲೆ ಬಿದ್ದದ್ದು ಪದ್ಮಶ್ರೀಗೆ ಆಮೇಲೆ ತಿಳಿಯಿತು. ಅಡುಗೆಮನೆಯಲ್ಲಿ ಭಾರತಮ್ಮ ಮುದ್ದೆ ಕಟ್ಟುತ್ತಿದ್ದಳು, ಎಡಗೈಯಲ್ಲಿ ಉರುಳಿಸಿ, ಬಲಗೈಯ ಮೂರು ಬೆರಳಿನಲ್ಲಿ ದುಂಡಗೆ ಮಾಡಿ. ಮಗಳ ಮುಖ ನೋಡಿದವಳು ಏನೂ ಕೇಳದೆ, ತನ್ನ ತೆಲುಗು ಬೆರೆಸಿ, "ಪೋನೀಲೇ ಅಮ್ಮಾ, ಬಿಟ್ಬಿಡು" ಎಂದಳು. ಏನನ್ನು ಬಿಡಬೇಕೆಂದು ಹೇಳಲಿಲ್ಲ. ಕೇಳಿಸಿಕೊಂಡಿದ್ದಳೋ, ಬರೀ ಮುಖ ನೋಡಿ ಹೇಳಿದಳೋ. ಆರು ವರ್ಷದಿಂದ ಈ ಬೆರಳುಗಳ ಬಗ್ಗೆ ಒಂದು ಮಾತೂ ಆಡದ ಅಮ್ಮನ ಮೇಲೂ ಅವಳಿಗೆ ಆ ಗಳಿಗೆಯಲ್ಲಿ ಸಿಟ್ಟು ಬಂತು. ಒಂದು ಸಲ ಬೈದಿದ್ದರೆ ಸಾಕಿತ್ತು.

ಊಟಕ್ಕೆ ಚಾಪೆ ಹಾಸಿ ಕೂತರು. ಸರ್ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ನುಂಗುವುದನ್ನು ಕಂಡು ಅಪ್ಪನಿಗೆ ಅಭಿಮಾನವಾಯಿತು. ಅವನು ಮಗಳ ಲೇಖನದಲ್ಲಿ ಏನಿದೆ ಎಂದು ವಿಚಾರಿಸಿದ. ಸರ್ ಬೇಸರಿಸದೆ ಬಿಡಿಸಿ ಹೇಳಿದರು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಆಲಿಕಲ್ಲು ಬೀಳುವುದೆಲ್ಲ ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರ ಒಳಗೆ. ಚಂದನಳ ಪಟ್ಟಿಯಲ್ಲಿ ನಡುರಾತ್ರಿಯ ಮೇಲೆ ಬಿದ್ದದ್ದು ಒಂದೂ ಇಲ್ಲ. ಅದನ್ನೇ ನಂಬಿಕೊಂಡು ರೈತರ ಮೊಬೈಲಿಗೆ ಎಚ್ಚರಿಕೆ ಕಳಿಸುವ ಯೋಜನೆಯೊಂದು ಮುಂದಿನ ಬೇಸಿಗೆಗೆ ತಯಾರಾಗುತ್ತಿದೆ.

"ಟೊಮೇಟೊ ಇರಲಿ, ಮಾವು ಇರಲಿ, ನಿಮ್ಮ ಹುಳುಮನೆ ಇರಲಿ," ಎಂದರು ಸರ್, "ರಾತ್ರಿ ಒಂಬತ್ತು ದಾಟಿದ್ರೆ ನೆಮ್ಮದಿಯಾಗಿ ಮಲಗಬಹುದು."

ಅಪ್ಪ ತಲೆದೂಗಿದ. ಭಾರತಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳು ಅದನ್ನು ಮುಚ್ಚಿಕೊಂಡದ್ದು, ಏನೋ ಅವಳದೇ ತಪ್ಪೆಂಬಂತೆ ಅತಿಥಿಯ ಕಣ್ಣಿನಿಂದ ಮರೆಮಾಡಿದ್ದು, ಪದ್ಮಶ್ರೀಗೆ ಕಾಣಿಸಿತು. ಮಜ್ಜಿಗೆಯ ಪಾತ್ರೆ ಹಿಡಿದು ಗೋಡೆಗೆ ಒರಗಿ ನಿಂತಿದ್ದವಳು ಗೋಡೆ ಬಿಟ್ಟು ಮುಂದೆ ಬಂದಳು. ಮುಂದಿನ ಏಪ್ರಿಲ್ಲಿನಲ್ಲಿ ಎಷ್ಟು ಮನೆಗಳಲ್ಲಿ ಮೊಬೈಲನ್ನು ತಲೆದಿಂಬಿನ ಪಕ್ಕ ಇಟ್ಟು, ತಟ್ಟೆಗಳನ್ನು ಹಾಗೆಯೇ ಬಿಟ್ಟು ಮಲಗುತ್ತಾರೆ ಎಂದು ಲೆಕ್ಕ ಹಾಕಲು ಹೋದಳು, ಆಗಲಿಲ್ಲ. ಹೊರಗಿನ ಗಂಡಸೊಬ್ಬರ ಎದುರು ಅವಳು ಒಂದು ಪೂರ್ತಿ ವಾಕ್ಯ ಆಡಿ ಎಷ್ಟು ವರ್ಷವಾಗಿತ್ತೋ. ಮಜ್ಜಿಗೆಯ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ಬಾಯಿ ತೆರೆದಳು.

"ಸರ್, ಗೆರೆ ಎಳೆದಿರೋ ಹನ್ನೊಂದು ಮಳೆ ಬಿದ್ದಿದಾವೆ. ನಡುರಾತ್ರಿ ಮೇಲೆ ಬಿದ್ದಿದಾವೆ. ಹುಳುಮನೇಲಿ ದಿನ ಐದೂವರೆಗೆ ಶುರು, ಅದಕ್ಕೇ ನಾನು ಹಿಂದಿನ ತಾರೀಕು ಹಾಕಿದ್ದು. ಒಂದೊಂದು ದಿನ ಮುಂದಕ್ಕಿಟ್ಟು ನೋಡಿ, ನಿಮ್ಮ ಚಿತ್ರದಲ್ಲಿ ಸಿಗ್ತವೆ. ಚಂದನಂಗೆ ಗೊತ್ತು."

ಸರ್ ತುತ್ತನ್ನು ಕೈಯಲ್ಲೇ ಹಿಡಿದು ಚಂದನಳ ಕಡೆ ತಿರುಗಿದರು. ಚಂದನ ತಟ್ಟೆಯ ಸಾರಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು. ಎಳೆದದ್ದು ಕೂಡಿಕೊಳ್ಳುತ್ತಿತ್ತು, ಮತ್ತೆ ಎಳೆಯುತ್ತಿದ್ದಳು. ಅಪ್ಪ ಮಜ್ಜಿಗೆ ಬಡಿಸು ಎಂಬಂತೆ ಕೈಸನ್ನೆ ಮಾಡಿದ. ಹೊರಗೆ, ಕಟ್ಟೆಯ ಮೇಲಿನ ಕಂಬದಲ್ಲಿ ಹೊಸ ಯಂತ್ರದ ಬಟ್ಟಲುಗಳು ಗಾಳಿಗೆ ಸುತ್ತುತ್ತಿದ್ದವು. ಪದ್ಮಶ್ರೀ ಬಡಿಸಲಿಲ್ಲ.

"ಆ ಹನ್ನೊಂದನ್ನೂ ತಿರುಗಾ ಸೇರ್ಸು, ಚಂದನಾ" ಎಂದಳು.